ತಮ್ಮನಿಗೆ ಟ್ರ್ಯಾಕ್ಟರ್, ನನಗೆ ಟ್ರೈಲರ್

ನವೆಂಬರ್ 10, ಸೋಮವಾರ

ಇನ್ನು ಮೇಲೆ ಕೂಗಾಡಬಾರದು ಎಂದು ಸಾಗರದ ಡಾಕ್ಟರು ಹೇಳಿದ್ದಾರೆ. ಬಿ.ಪಿ. ಮಾತ್ರೆ ಒಂದಿದ್ದದ್ದು ಎರಡಾಗಿದೆ. ಆಸ್ಪತ್ರೆಯಿಂದ ಹೊರಗೆ ಬಂದ ಮೇಲೆ ಸುಚಿತ್ರಾ, "ಬೈಲೇಬೇಕು ಅಂತಿದ್ರೆ ಬರ್ಕಳಿ. ಕಾಗದಕ್ಕೆ ಕಿವಿ ಇಲ್ಲ, ನಂಗಿದೆ" ಎಂದಳು. ಕಟ್ಟಿಕೊಂಡ ಹೆಂಡತಿ ಆಡುವ ಮಾತೇ ಇದು. ಸೊಸೈಟಿಯವರು ಕೊಟ್ಟ ಡೈರಿ ವರ್ಷವಿಡೀ ಖಾಲಿ ಬಿದ್ದಿತ್ತು, ಅದರಲ್ಲಿ ಬರೆಯುತ್ತಿದ್ದೇನೆ.

ಬರೆಯಲು ಇವತ್ತೇ ವಿಷಯ ಸಿಕ್ಕಿತು. ಬಸ್ಸಿಳಿದು ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದೆ. ಮಾಸ್ತಪ್ಪಣ್ಣ ಬಂದು ಪಕ್ಕದಲ್ಲಿ ಕೂತರು. ಊರಿನ ಹಿರಿಯರು, ಎದ್ದು ಹೋಗುವ ಹಾಗಿಲ್ಲ.

"ಮಂಜಾ, ನಿನ್ ಟ್ರೈಲರ್ ಗುಜರಿಯವ್ರೂ ಮುಟ್ಟಲ್ಲ ಅಂತಿದ್ದ ಕಣಾ ರಾಘು."

ರಾಘು ಅಂದರೆ ರಾಘವೇಂದ್ರ. ನನ್ನ ಒಡಹುಟ್ಟಿದ ತಮ್ಮ. ಅವನ ಮನೆ ನಮ್ಮ ಅಂಗಳದಿಂದ ಕೂಗಿದರೆ ಕೇಳುವಷ್ಟು ಹತ್ತಿರ. ನಾವು ಕೂಗುವುದಿಲ್ಲ, ಅಷ್ಟೇ.

ಇದಕ್ಕೆಲ್ಲ ಮೂಲ ಈ ಮಾಸ್ತಪ್ಪಣ್ಣನೇ. ನಮ್ಮ ಪಾಲು ಮಾಡಿದವರಲ್ಲಿ ಮುಖ್ಯಸ್ಥರು. ಗದ್ದೆ, ತೋಟ, ಕೊಟ್ಟಿಗೆ ಎಲ್ಲವನ್ನೂ ಸರಿಯಾಗಿಯೇ ಹಂಚಿದರು. ಕೊನೆಗೆ ಉಳಿದದ್ದು ಒಂದು ಟ್ರ್ಯಾಕ್ಟರ್, ಅದರ ಹಿಂದಿನ ಟ್ರೈಲರ್. "ತಮ್ಮಂಗೆ ಟ್ರ್ಯಾಕ್ಟರ್, ಅಣ್ಣಂಗೆ ಟ್ರೈಲರ್. ಆಗ ಒಬ್ಬರ್ನ ಬಿಟ್ಟು ಒಬ್ಬರು ಇರಕಾಗಲ್ಲ" ಎಂದು ತೀರ್ಪು ಕೊಟ್ಟರು. ಜಗಲಿಯಲ್ಲಿ ಕೂತವರೆಲ್ಲ ಎಂಥ ಬುದ್ಧಿ ಎಂದು ತಲೆ ಆಡಿಸಿದರು. ಆ ಬುದ್ಧಿಗೆ ಬೆಂಕಿ ಬೀಳಲಿ. ನಾನು ಗೊಬ್ಬರ ಸಾಗಿಸಬೇಕೆಂದಿದ್ದ ದಿನವೇ ಅವನು ಯಾರದೋ ಗದ್ದೆ ಹೂಡಲು ಹೋದ. ಮುಂದಿನ ವಾರ ಅವನು ಟ್ರೈಲರ್ ಕೇಳಿಕೊಂಡು ಬಂದಾಗ ನಾನು ಕೊಡಲಿಲ್ಲ. ಕೊಡಬೇಕಿತ್ತೇ? ಅವತ್ತು ನಿಂತ ಮಾತು, ನಾಲ್ಕು ವರ್ಷವಾಯಿತು. ಸುಗ್ಗಿ ಬಂದರೆ ಅವನು ತಾಳಗುಪ್ಪದಿಂದ ಬಾಡಿಗೆ ಟ್ರೈಲರ್ ತರುತ್ತಾನೆ. ನಾನು ಲಗೇಜ್ ಆಟೋ ಕರೆಸುತ್ತೇನೆ. ನನ್ನ ಟ್ರೈಲರ್ ಮಾತ್ರ ಅಂಗಳದ ಅಂಚಿನಲ್ಲಿ, ಅವನ ಗದ್ದೆಗೆ ಎದುರಾಗಿ, ಚಿರೆಕಲ್ಲಿನ ಮೇಲೆ ಮೂತಿ ಇಟ್ಟುಕೊಂಡು ತುಕ್ಕು ಹಿಡಿಯುತ್ತಿದೆ.

ಗುಜರಿಯಂತೆ. ನೋಡೋಣ. ತುಕ್ಕು ಕೆರೆದು, ಬಣ್ಣ ಹೊಡೆದು, ಹೊಸದರಂತೆ ಮಾಡಿ ಪರ ಊರಿನವರಿಗೆ ಮಾರುತ್ತೇನೆ. ಬೇರೆ ಯಾರದೋ ಟ್ರ್ಯಾಕ್ಟರ್ ಅವನ ಕಣ್ಣೆದುರೇ ಅದನ್ನು ಎಳೆದುಕೊಂಡು ಹೋಗಬೇಕು. ಅಲ್ಲಿಗೆ ಅಣ್ಣ ತಮ್ಮ ಎನ್ನುವ ಲೆಕ್ಕವೇ ಮುಗಿಯಲಿ.

ನವೆಂಬರ್ 12, ಬುಧವಾರ

ಬಳ್ಳಿ ಕಿತ್ತು ಹಾಕುವುದಕ್ಕೇ ಮಧ್ಯಾಹ್ನವಾಯಿತು. ಆಮೇಲೆ ವೈರ್ ಬ್ರಷ್ ಹಿಡಿದೆ. ಪಕ್ಕದ ಡೋರುಗಳಲ್ಲಿ ತುಕ್ಕು ಹಪ್ಪಳದ ಹಾಗೆ ಏಳುತ್ತದೆ. ಹಿಂಬಾಗಿಲಿನ ಕೆಳಗೆ ಕೈ ತೂರುವಷ್ಟು ತೂತು. ಮೂಗು, ಬಾಯಿ, ಬನಿಯನ್ ಎಲ್ಲ ಕೆಂಪು.

"ಹಿತ್ಲಲ್ಲಿ ನೆರಳಿದ್ಯಲ್ಲ, ನಾಲ್ಕು ಜನ ಹಿಡಿದ್ರೆ ದಬ್ಬಬಹುದು. ಈ ಬಿಸಿಲಲ್ಲಿ ರಸ್ತೆ ಎದುರಿಗೇ ಯಾಕೆ ಕೆರೀತೀರಿ?" ಎಂದು ಸುಚಿತ್ರಾ ಕೇಳಿದಳು.

ತುಕ್ಕಿನ ಕೆಲಸಕ್ಕೆ ಬೆಳಕು ಬೇಕು ಎಂದೆ. ಅವಳಿಗೆ ಇದೆಲ್ಲ ತಿಳಿಯುವುದಿಲ್ಲ.

ರಾಘು ಎರಡು ಸಲ ಗದ್ದೆಯ ಅಂಚಿನಲ್ಲಿ ಹೋದ. ತಲೆ ಎತ್ತಿ ನೋಡಲಿಲ್ಲ. ಗರ್ವ ಎಂದರೆ ಎಂಥದು ಎಂದು ಯಾರಿಗಾದರೂ ತೋರಿಸಬೇಕಿದ್ದರೆ ಅವನ ನಡಿಗೆ ತೋರಿಸಬಹುದು. ಅಪ್ಪನೂ ಹೀಗೇ ನಡೆಯುತ್ತಿದ್ದರು, ಆದರೆ ಅವರಿಗೆ ಒಪ್ಪುತ್ತಿತ್ತು.

ನವೆಂಬರ್ 15, ಶನಿವಾರ

ಬ್ರಷ್ಷಿನಲ್ಲಿ ಮುಗಿಯುವ ಕೆಲಸ ಅಲ್ಲ ಎಂದು ಗ್ರೈಂಡರ್ ತಂದೆ. ಅದರ ಸದ್ದು ಊರಿಗೆಲ್ಲ ಕೇಳುತ್ತದೆ. ನಾಯಿಗಳು ಬೊಗಳಿದವು, ಆಚೆ ಮನೆಯ ಮುದುಕಿ ಬೈದಳು, ಬಸ್ಸಿಗೆ ಕಾಯುತ್ತಿದ್ದವರು ಬಂದು ವಿಚಾರಿಸಿಕೊಂಡು ಹೋದರು. ರಾಘು ಒಬ್ಬನಿಗೆ ಮಾತ್ರ ಕೇಳಲಿಲ್ಲ. ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದಾನೋ ಏನೋ. ಸಂಜೆ ಬೇಕೆಂದೇ ಇನ್ನೊಂದು ಸುತ್ತು ಹೊಡೆದೆ.

ವೆಲ್ಡಿಂಗಿನವನು ಬಂದು ತೂತಿದ್ದ ಕಡೆ ತಗಡು ಕೂರಿಸಿ ಹೋದ. ಮಾರುವ ಗಾಡಿಗೆ ಇಷ್ಟೆಲ್ಲ ಯಾಕೆ, ಮೇಲಿಂದ ಬಣ್ಣ ಹೊಡೆದರೆ ಮುಚ್ಚಿಹೋಗುತ್ತಿತ್ತಲ್ಲ ಎಂದ. ನನಗೆ ಸಿಟ್ಟು ಬಂತು. ಮುಚ್ಚಿಡುವ ಜಾತಿ ನಮ್ಮದಲ್ಲ ಎಂದೆ.

ನವೆಂಬರ್ 18, ಮಂಗಳವಾರ

ಇಡೀ ಗಾಡಿಗೆ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದೆ. ಅಡಿಯನ್ನೂ ಬಿಡಲಿಲ್ಲ, ಕಪ್ಪಗಿದ್ದದ್ದು ಹಳೆ ಬಣ್ಣವೆಂದು ಗೋಣಿಚೀಲ ಹಾಸಿ ಮಲಗಿಕೊಂಡೇ ಹೊಡೆದೆ. ಸಂಜೆ ಬಿಸಿಲಿಗೆ ಕೆಂಪಗೆ ನಿಂತಿತ್ತು. ಬ್ಯಾಕೋಡಿನ ದಿನೇಶ್ ಎಂಬವರು ಟ್ರೈಲರ್ ಹುಡುಕುತ್ತಿದ್ದಾರಂತೆ, ಫೋನ್ ಮಾಡಿದ್ದೆ. ಮುಂದಿನ ವಾರ ಬಂದು ನೋಡುತ್ತಾರೆ.

ರಾಘು ಈಗ ಹೊಟ್ಟೆ ಉರಿದುಕೊಂಡು ಮಲಗಿರಬೇಕು.

ನವೆಂಬರ್ 19, ಬುಧವಾರ

ಬೆಳಿಗ್ಗೆ ಎದ್ದು ಹೋಗಿ ಅಡಿಯ ಚಾಸಿಯ ಮೇಲೆ ಬೆರಳಾಡಿಸಿದರೆ ಪ್ರೈಮರ್ ಹಾವಿನ ಪೊರೆಯ ಹಾಗೆ ಕೈಗೇ ಬಂತು. ಡೋರುಗಳಿಗೆ ಹಿಡಿದು ಕೂತಿದೆ, ಅಡಿಯ ಕಬ್ಬಿಣಕ್ಕೆ ಹಿಡಿದೇ ಇಲ್ಲ. ಮೊದಲು ಇಬ್ಬನಿ ಎಂದುಕೊಂಡೆ. ಆಮೇಲೆ ಪೇಂಟ್ ಅಂಗಡಿಯವನ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿದೆ. ಆಮೇಲೆ ಮೂಸಿ ನೋಡಿದೆ.

ಗೇರೆಣ್ಣೆ.

ಗೇರುಬೀಜದ ಸಿಪ್ಪೆಯ ಎಣ್ಣೆ. ಮಳೆಗಾಲಕ್ಕೆ ಮೊದಲು ಮರಕ್ಕೆ, ಬುಟ್ಟಿಗೆ, ಗಾಡಿಯ ಅಡಿಗೆ ಬಳಿಯುವುದು ನಮ್ಮಲ್ಲಿ ಮೊದಲಿಂದ ಇದೆ. ಹುಳ ಹಿಡಿಯುವುದಿಲ್ಲ, ನೀರು ಇಳಿಯುವುದಿಲ್ಲ. ಆದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ನಾನು ನಾಲ್ಕು ವರ್ಷದಿಂದ ಈ ಗಾಡಿಗೆ ಎಣ್ಣೆ ಬಳಿದಿಲ್ಲ. ಇದಾದರೆ ಇನ್ನೂ ಕಪ್ಪಗೆ, ದಪ್ಪಗೆ, ಒಂದರ ಮೇಲೊಂದು ಪದರವಾಗಿ ಇದೆ. ಕಳೆದ ಮಳೆಗಾಲದ ಮುಂಚಿನದು ಎಂದು ಕಣ್ಣು ಮುಚ್ಚಿ ಹೇಳಬಹುದು.

ನನ್ನ ಗಾಡಿ ಮುಟ್ಟಿದವನು ಯಾರು?

ನವೆಂಬರ್ 20, ಗುರುವಾರ

ಸುಚಿತ್ರಾಳನ್ನು ಕೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲೂ ಇಲ್ಲ.

"ನಿಮ್ ತಮ್ಮ. ಮತ್ಯಾರು ಹಚ್ತಾರೆ?"

"ಯಾವಾಗ?"

"ಮಳೆಗಾಲ ಹಿಡಿಯೋ ಮುಂಚೆ ನಾವು ಅರಳಸುರಳಿಗೆ ನನ್ ತವರಿಗೆ ಹೋಗ್ತೀವಲ್ಲ, ಆವಾಗ. ಪ್ರತಿ ವರ್ಷ."

"ನಿಂಗೆ ಯಾರು ಹೇಳಿದ್ದು?"

"ಕುಮುದಾ. ಗೇರೆಣ್ಣೆ ತಾಗಿ ಕೈಯೆಲ್ಲ ಸುಟ್ಕಂಡು ಬರ್ತಾನಂತೆ. ಹೆಂಡ್ತಿ ಆದ ತಪ್ಪಿಗೆ ಇವ್ಳು ಕೊಬ್ರಿ ಎಣ್ಣೆ ಹಚ್ಚೋದು."

"ನೀನು ಕುಮುದಾ ಹತ್ರ ಮಾತಾಡ್ತೀಯಾ?"

"ಮಾತು ಬಿಟ್ಟಿದ್ದು ನೀವಿಬ್ರು. ನಾವೆಂತಕ್ಕೆ ಬಿಡಾಣ?"

ನಾಲ್ಕು ವರ್ಷದಿಂದ ನನ್ನ ಮನೆಯೊಳಗೇ ಇಂಥ ಕಾರುಬಾರು ನಡೆದಿದೆ. ನನಗೆ ಒಂದು ಮಾತು ಹೇಳಿದವರಿಲ್ಲ. ಡಾಕ್ಟರು ಹೇಳಿದ್ದು ನೆನಪಾಗಿ ಎದ್ದು ಬಂದೆ.

ಅಣ್ಣನ ಹತ್ತಿರ ಮಾತಾಡಲು ಬಾಯಿ ಇಲ್ಲದವನಿಗೆ, ಅಣ್ಣ ಇಲ್ಲದಾಗ ಕಳ್ಳನ ಹಾಗೆ ಬಂದು ಎಣ್ಣೆ ಬಳಿಯಲು ಕೈ ಇದೆ. ಯಾರು ಕೇಳಿದ್ದರು ಇವನನ್ನು? ಟ್ರೈಲರ್ ನನ್ನ ಪಾಲಿನದು. ತುಕ್ಕು ಹಿಡಿದರೆ ನನ್ನದು ಹಿಡಿಯುತ್ತದೆ, ಮುರಿದು ಬಿದ್ದರೆ ನನ್ನದು ಬೀಳುತ್ತದೆ. ಇವನಿಗೇನು ಸಂಬಂಧ? ಹೋಟೆಲಿನಲ್ಲಿ ಕೂತು ಗುಜರಿ ಎನ್ನುವುದು, ಮನೆಗೆ ಬಂದು ಅದೇ ಗುಜರಿಯ ಅಡಿ ಮಲಗಿ ಎಣ್ಣೆ ಹಚ್ಚುವುದು. ಒಂದು ನಾಲಿಗೆ, ಒಂದು ಬುದ್ಧಿ ಇಲ್ಲ. ಈಗ ಅವನ ದೆಸೆಯಿಂದ ನನ್ನ ಪ್ರೈಮರ್ ದಂಡವಾಯಿತು.

ಮೇಲಿನ ತಗಡೆಲ್ಲ ತೂತು ಬಿದ್ದಿತ್ತು, ಅಡಿಯಲ್ಲಿ ಒಂದು ಚುಕ್ಕೆ ತುಕ್ಕಿಲ್ಲ. ಅದು ಬೇರೆ ವಿಷಯ.

ನವೆಂಬರ್ 22, ಶನಿವಾರ

ಎರಡು ದಿನದಿಂದ ಸೀಮೆಎಣ್ಣೆ ಸುರಿದು ಗೇರೆಣ್ಣೆ ಕೆರೆಯುತ್ತಿದ್ದೇನೆ. ಕೈ ಸುಟ್ಟಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಬೊಕ್ಕೆ ಎದ್ದಿದೆ. ಒಬ್ಬ ಮನುಷ್ಯ ಇದನ್ನು ಒಂದು ಸಲ ಮಾಡಬಹುದು, ಗೊತ್ತಿಲ್ಲದೆ. ಕೈ ಸುಡುತ್ತದೆ ಎಂದು ಗೊತ್ತಾದ ಮೇಲೂ ವರ್ಷ ವರ್ಷ ಬಂದು ಮಾಡುವವನಿಗೆ ತಲೆ ಸರಿ ಇಲ್ಲ ಎಂದೇ ಹೇಳಬೇಕು.

ಸುಚಿತ್ರಾ ಕೊಬ್ಬರಿ ಎಣ್ಣೆ ಹಚ್ಚುತ್ತಾ ನಕ್ಕಳು. ನಗುವಂಥದ್ದು ಏನಿದೆ ಎಂದು ಕೇಳಿದೆ. ಏನೂ ಇಲ್ಲ ಎಂದು ಇನ್ನೂ ನಕ್ಕಳು.

ಅಚ್ಚಿನ ಹಿಂದಿನ ಭಾಗ ಕೈಗೆ ಎಟುಕಲಿಲ್ಲ. ಮಲಗಿಕೊಂಡರೆ ಎಟುಕುತ್ತಿತ್ತೋ ಏನೋ. ಅಲ್ಲಿ ಅವನ ಎಣ್ಣೆ ಹಾಗೇ ಇರಲಿ ಎಂದು ಬಿಟ್ಟೆ. ಯಾರಿಗೂ ಕಾಣುವುದಿಲ್ಲ. ಬರುವ ವರ್ಷ ಎಣ್ಣೆ ಡಬ್ಬ ಹಿಡಿದು ಎಲ್ಲಿಗೆ ಹೋಗುತ್ತಾನೋ ನೋಡುತ್ತೇನೆ. ಬ್ಯಾಕೋಡಿಗೆ ಹೋಗಲಿ.

ನವೆಂಬರ್ 25, ಮಂಗಳವಾರ

ಮತ್ತೆ ಪ್ರೈಮರ್. ಈ ಸಲ ಕೂತಿದೆ. ಮೇಲೆ ನೀಲಿ ಹೊಡೆದೆ, ಗಾಲಿಯ ಡಿಸ್ಕಿಗೆ ಕೆಂಪು. ಹಿಂಬಾಗಿಲಿನ ಮೂಲೆಗಳಿಗೆ ಸಣ್ಣ ಬ್ರಷ್ಷಿನಲ್ಲಿ ಹಳದಿ ಗೆರೆ ಎಳೆದೆ. ಗಾಡಿ ಹೊಸದಾಗಿ ತಂದ ವರ್ಷ ರಾಘು ಹಟ ಹಿಡಿದು ಎಳೆಸಿದ ಗೆರೆ ಅದು, ಅಪ್ಪ ಬೇಡ ಎಂದಿದ್ದರು. ಅವನಿಗಾಗಿ ಎಳೆದದ್ದಲ್ಲ. ನೀಲಿಗೆ ಹಳದಿ ಒಪ್ಪುತ್ತದೆ.

ನವೆಂಬರ್ 27, ಗುರುವಾರ

ದಿನೇಶ್ ಬಂದಿದ್ದ. ಒಳ್ಳೆಯ ಮನುಷ್ಯ, ನನಗಿಂತ ಚಿಕ್ಕವನು. ಗಾಲಿ ಒದ್ದು ನೋಡಿದ, ಹಿಂಬಾಗಿಲು ತೆಗೆದು ಹಾಕಿದ, ಕೊನೆಗೆ ಅಡಿಗೆ ನುಗ್ಗಿದ. ಬಹಳ ಹೊತ್ತು ಹೊರಗೇ ಬರಲಿಲ್ಲ.

"ಮೇಲಿಂದ ಎಲ್ರೂ ಬಣ್ಣ ಹೊಡೀತಾರೆ ಮಂಜಣ್ಣ," ಎಂದ, ಮಣ್ಣು ಕೊಡವಿಕೊಳ್ಳುತ್ತಾ. "ಅಡಿ ಹಿಂಗಿಟ್ಕಂಡಿದ್ದು ನಾ ಎಲ್ಲೂ ನೋಡಿಲ್ಲ. ಯಾರು ನೋಡ್ಕತಿದ್ರು?"

"ನಾವೇ" ಎಂದೆ. ಬೇರೆಯವನ ಎದುರು ಮನೆಯ ಕಥೆ ಹೇಳುವುದಕ್ಕಾಗುತ್ತದೆಯೇ?

ಮಾತು ಕುದುರಿತು. ಒಳಗಡೆಗೂ ಒಂದು ಕೋಟ್ ಹೊಡೆದಿಡಿ ಎಂದ. "ಈಗ ಹಿನ್ನೀರಿಗೆ ಸೇತುವೆ ಆಗಿದೆ, ಲಾಂಚ್ ಕಾಯೋ ಗೋಳಿಲ್ಲ. ಬುಧವಾರ ಟ್ರ್ಯಾಕ್ಟರ್ ತಂದು ಎಳ್ಕಂಡು ಹೋಗ್ತೀನಿ."

ಆಯಿತು. ಅಂದುಕೊಂಡದ್ದು ಅಂದುಕೊಂಡಂತೆ ಆಯಿತು. ಗುಜರಿ ಎಂದವನು ಬುಧವಾರ ಗದ್ದೆಯ ಅಂಚಿನಲ್ಲಿ ನಿಂತು ನೋಡಲಿ.

ನವೆಂಬರ್ 28, ಶುಕ್ರವಾರ

ಬರೆಯುವಂಥದ್ದು ಏನೂ ಇಲ್ಲ. ಸಾರಿಗೆ ಉಪ್ಪು ಜಾಸ್ತಿ ಎಂದು ಹೇಳಿ ಜಗಳವಾಯಿತು. ಉಪ್ಪು ಸರಿಯಾಗಿಯೇ ಇತ್ತಂತೆ.

ನವೆಂಬರ್ 30, ಭಾನುವಾರ

ಒಳಗಡೆಗೆ ಕೊನೆಯ ಕೋಟ್ ಹೊಡೆದೆ. ಹೊಡೆಯುವಾಗ ಸ್ವಲ್ಪ ಬಿಸಿಲಿತ್ತು, ಆಮೇಲೆ ಮೋಡ. ಎಲ್ಲೋ ಚಂಡಮಾರುತ ಎದ್ದಿದೆಯಂತೆ, ಟಿವಿಯಲ್ಲಿ ಬೆಳಿಗ್ಗೆಯಿಂದ ಅದೇ.

ರಾಘು ಮೊನ್ನೆ ಭತ್ತ ಕೊಯ್ಯಿಸಿದ್ದಾನೆ. ಮಿಷನ್ ಇಳಿಯದ ಕೆಸರು ಗದ್ದೆ, ಕೈಯಲ್ಲೇ ಕೊಯ್ಯಬೇಕು. ಇಡೀ ಗದ್ದೆ ಮಲಗಿಸಿಟ್ಟಿದ್ದಾನೆ. ಕತ್ತಿ ಹಾಕುವ ಮೊದಲು ಆಕಾಶ ನೋಡುವುದಿಲ್ಲವೇ? ಸುಚಿತ್ರಾ ಹೇಳಿದಳು, ತಾಳಗುಪ್ಪದ ಬಾಡಿಗೆ ಟ್ರೈಲರ್ ಈ ಸಲ ಸಿಗುವುದಿಲ್ಲವಂತೆ, ಮಳೆ ಸುದ್ದಿ ಕೇಳಿ ಎಲ್ಲರೂ ಅದಕ್ಕೇ ಮುಗಿಬಿದ್ದಿದ್ದಾರಂತೆ.

"ನಂಗೆಂತಕ್ಕೆ ಹೇಳ್ತೀಯಾ?" ಎಂದೆ.

"ಸುಮ್ನೆ," ಎಂದಳು.

ಕೇಳಿದರೆ ಕೊಡುತ್ತೇನೋ ಇಲ್ಲವೋ, ಅದು ಬೇರೆ. ಕೇಳಬೇಕಲ್ಲ. ವರ್ಷದ ಅನ್ನ ಗದ್ದೆಯಲ್ಲಿ ಬಿದ್ದಿದೆ, ಇವನಿಗೆ ಮೂಗಿನ ಮೇಲಿನ ಗರ್ವ ದೊಡ್ಡದು.

ಡಿಸೆಂಬರ್ 1, ಸೋಮವಾರ

ಬೆರಳಿಗೆಲ್ಲ ಬಣ್ಣ ಮೆತ್ತಿದೆ, ಅಕ್ಷರ ಸೊಟ್ಟಗಿದ್ದರೆ ಇರಲಿ.

ಬೆಳಿಗ್ಗೆಯಿಂದ ಬಿಸಿಲಿಲ್ಲ. ಒಳಗಿನ ಬಣ್ಣ ಬೆರಳಿಗೆ ಅಂಟುತ್ತಿತ್ತು. ಊಟದ ಹೊತ್ತಿಗೆ ಹೊಸನಗರದ ಕಡೆ ಆಕಾಶ ಕಪ್ಪಾಯಿತು. ರಾಘು ಮತ್ತು ಕುಮುದಾ ಹೊರೆ ಕಟ್ಟಿ ತಲೆಯ ಮೇಲೆ ಹೊರುತ್ತಿದ್ದರು. ಅಷ್ಟು ದೊಡ್ಡ ಗದ್ದೆಗೆ ಇಬ್ಬರೇ. ಮಳೆ ಭಯಕ್ಕೆ ಆಳುಗಳೆಲ್ಲ ಅವರವರ ಗದ್ದೆಗೆ ಓಡಿದ್ದಾರೆ. ಟ್ರ್ಯಾಕ್ಟರ್ ಮಾತ್ರ ಕಣದಲ್ಲಿ ಸುಮ್ಮನೆ ನಿಂತಿತ್ತು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಎಳೆಯುವುದು ಅಲ್ಲಿ, ಹೊರುವುದು ಇಲ್ಲಿ, ನಡುವೆ ಆ ಹುಡುಗಿ ತಲೆಯ ಮೇಲೆ ಹೊರೆ ಇಟ್ಟುಕೊಂಡು ಕೆಸರಿನಲ್ಲಿ ಓಡುತ್ತಿದ್ದಾಳೆ. ಅಂಚು ಹತ್ತುವಾಗ ಕುಮುದಾ ಜಾರಿ ಬಿದ್ದಳು. ಹೊರೆ ಬಿಚ್ಚಿಹೋಯಿತು. ಅವಳು ಎದ್ದು ಅದನ್ನೇ ಮತ್ತೆ ಕಟ್ಟತೊಡಗಿದಳು.

ನಾನು ಟ್ರೈಲರಿನ ಹತ್ತಿರ ಹೋಗಿ ನಿಂತೆ. ಮಳೆ ಬಂದರೆ ಬಣ್ಣಕ್ಕೆ ತಾಡಪಾಲು ಹೊದೆಸಬೇಕಿತ್ತು, ಅದಕ್ಕೆ ಹೋದದ್ದು. ಆಗ ಟ್ರ್ಯಾಕ್ಟರಿನ ಸದ್ದು ಕೇಳಿತು. ರಾಘು ರಸ್ತೆ ದಾಟಿ ಬಂದು ನಮ್ಮ ಅಂಗಳದ ಬಾಯಲ್ಲಿ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ, ಇಳಿಯಲೂ ಇಲ್ಲ. ಸ್ಟೇರಿಂಗ್ ನೋಡುತ್ತಾ ಕೂತ. ನಾನು ಬಣ್ಣ ನೋಡುತ್ತಾ ನಿಂತೆ. ಬಾಯಿ ಬಿಟ್ಟು ಒಂದು ಮಾತು ಕೇಳಬಾರದೇ? ಕೇಳಲಿಲ್ಲ. ನೀವೂ ಒಂದು ಮಾತು ಕರೀಲಿಲ್ಲ ಎಂದು ಸುಚಿತ್ರಾ ಆಮೇಲೆ ಹೇಳಿದಳು. ಕಷ್ಟ ಅವನದು, ನಾನು ಏನು ಕರೆಯುವುದಿತ್ತು?

ಒಂದು ಹನಿ ನನ್ನ ಕೈಮೇಲೆ ಬಿತ್ತು. ಗಾಲಿಗೆ ಅಡ್ಡ ಕೊಟ್ಟಿದ್ದ ಕಲ್ಲನ್ನು ಒದ್ದೆ.

ಅವನು ಗಾಡಿ ತಿರುಗಿಸಿ ಹಿಂದಕ್ಕೆ ತರತೊಡಗಿದ. ಟ್ರೈಲರ್ ಸಿಕ್ಕಿಸುವ ಕೆಲಸ ಹೇಗೆಂದರೆ, ಮೂತಿ ಎತ್ತಿ ಹಿಡಿದವನು ಹೇಳಬೇಕು, ಟ್ರ್ಯಾಕ್ಟರಿನ ಮೇಲಿದ್ದವನು ಕೇಳಬೇಕು. ಸುಮ್ಮನೆ ಮಾಡಿದರೆ ಬೆರಳು ಹೋಗುತ್ತದೆ. ಆದ್ದರಿಂದ ಮಾತಾಡಿದೆ. ಬೇರೆ ಕಾರಣವಿಲ್ಲ.

"ಬಾ," ಎಂದೆ. "ಬಾ. ಇನ್ನೂ ಬಾ. ಎಡಕ್ಕೆ ತಗ. ಬಾ ಬಾ. ಸಾಕು, ನಿಲ್ಸು."

"ಅಣ್ಣ, ಕೈ ನೋಡ್ಕ."

ಪಿನ್ ಇಳಿಸಿದೆ. ಅವನು ತಿರುಗಿ ನನ್ನ ಕೈಯ ಬೊಕ್ಕೆಗಳನ್ನು ನೋಡುತ್ತಿದ್ದ. ನಾನು ತೋಳು ಇಳಿಸಿಕೊಂಡೆ.

"ಪೇಂಟ್ ಒಣಗಿಲ್ಲ," ಎಂದೆ.

"ಗೊತ್ತು. ನಿನ್ನೆ ನೀ ಹೊಡೀವಾಗಲೇ ಅಂದ್ಕಂಡೆ, ಈ ಥಂಡೀಲಿ ಒಣಗಲ್ಲ ಅಂತ. ಆ ಹಳದಿ ಗೆರೆ ಚಂದಾಗಿದೆ."

ಅಂದರೆ ನೋಡುತ್ತಿದ್ದ. ತಲೆ ಎತ್ತದವನು ದಿನಾ ಎಲ್ಲವನ್ನೂ ನೋಡುತ್ತಿದ್ದ. ಎಂಥ ಕಳ್ಳ.

ಆಮೇಲೆ ಮಾತಿಗೆ ಪುರುಸೊತ್ತಿರಲಿಲ್ಲ. ಸುಚಿತ್ರಾ ಸೆರಗು ಸಿಕ್ಕಿಸಿಕೊಂಡು ಗದ್ದೆಗೆ ಇಳಿದಳು. ನಾನು ಮೇಲೆ ನಿಂತು ಹೊರೆ ಜೋಡಿಸಿದೆ, ಅವನು ಕೆಳಗಿಂದ ಎಸೆದ. ಕಣಕ್ಕೆ ಹೋಗಿ ಸುರಿದು ಮತ್ತೆ ಬಂದೆವು. ಕೊನೆಯ ಟ್ರಿಪ್ಪಿಗೆ ಮಳೆ ಹಿಡಿಯಿತು. ಬಣವೆಯ ಮೇಲೆ ತಾಡಪಾಲು ಎಳೆದು ಕಟ್ಟುವಾಗ ಒಂದು ತುದಿ ಅವನು ಹಿಡಿದಿದ್ದ, ಒಂದು ತುದಿ ನಾನು. ಬಿಗಿಯಾಗಿ ಎಳೆ ಎಂದು ಬೈದೆ. ಎಳೆದ.

ಕುಮುದಾ ಬಿಸಿ ಚಾ ತಂದಳು. "ಭಾವ, ಚಾಪುಡಿ ಕಮ್ಮಿ ಹಾಕಿದೀನಿ" ಎಂದಳು. ನನ್ನ ಬಿ.ಪಿ. ಮಾತ್ರೆಯ ವಿಷಯ ಈ ಮನೆಗೂ ಮುಟ್ಟಿದೆ.

ಡಿಸೆಂಬರ್ 2, ಮಂಗಳವಾರ

ಮಳೆ ಬಿಟ್ಟಿಲ್ಲ. ಭತ್ತ ನೆನೆದಿಲ್ಲ. ನನ್ನ ಬಣ್ಣ ಮಾತ್ರ ಸರ್ವನಾಶ. ಒಳಗೆಲ್ಲ ಹುಲ್ಲು, ಹೊಟ್ಟು, ಕಾಳು ಮೆತ್ತಿಕೊಂಡು, ನೀಲಿ ಎಲ್ಲಿದೆ ಎಂದು ಹುಡುಕಬೇಕು. ಅಷ್ಟು ದಿನದ ದುಡಿಮೆ. ಮತ್ತೆ ಮೊದಲಿಂದ ಕೆರೆಯಬೇಕು. ಉಪ್ಪುಕಾಗದ ರಾಘುವೇ ತರಲಿ, ಹುಲ್ಲು ಅವನದು.

ದಿನೇಶನಿಗೆ ಫೋನ್ ಮಾಡಿ ನಾಳೆ ಬರಬೇಡ ಎಂದೆ. ಬಣ್ಣ ಹಾಳಾಗಿದೆ, ಇಂಥ ಗಾಡಿ ಕೊಟ್ಟು ಮರ್ಯಾದೆ ಕಳೆದುಕೊಳ್ಳುವವನು ನಾನಲ್ಲ ಎಂದೆ.

"ಬಣ್ಣ ನಾನೇ ಹೊಡ್ಕತೀನಿ ಬಿಡಿ ಮಂಜಣ್ಣ. ಅಡಿ ಗಟ್ಟಿ ಇದ್ಯಲ್ಲ, ಸಾಕು."

"ಆಗಲ್ಲ ಮಾರಾಯ. ಅವನೂ ಒಪ್ಬೇಕಲ್ಲ."

"ಯಾರು?"

ಫೋನ್ ಇಟ್ಟೆ. ಎಲ್ಲರಿಗೂ ಎಲ್ಲವನ್ನೂ ಬಿಡಿಸಿ ಹೇಳುತ್ತಾ ಕೂರುವುದಕ್ಕಾಗುವುದಿಲ್ಲ.

ಟ್ರೈಲರ್ ಇನ್ನೂ ಅವನ ಕಣದಲ್ಲೇ ಇದೆ, ಟ್ರ್ಯಾಕ್ಟರಿಗೆ ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ. ಕೆಲಸ ಆದ ಮೇಲೆ ಬೇರೆಯವರ ಗಾಡಿ ಬಿಚ್ಚಿ ಕೊಡಬೇಕು ಎನ್ನುವಷ್ಟು ತಿಳಿವಳಿಕೆ ಬೇಡವೇ? ಪಿನ್ ತೆಗೆದು ಕಳಿಸು ಎಂದು ಸುಚಿತ್ರಾಳ ಕೈಲಿ ಹೇಳಿ ಕಳಿಸಿದೆ. ಅವಳು ಅರ್ಧ ಗಂಟೆ ಹರಟೆ ಹೊಡೆದು ಬಂದು ಅವನ ಉತ್ತರ ಒಪ್ಪಿಸಿದಳು.

"ಹಾಕಿದವ್ನು ಅಣ್ಣ. ಬೇಕಾದ್ರೆ ಅವ್ನೇ ಬಂದು ತೆಗೀಲಿ, ನಾ ಮುಟ್ಟಲ್ಲ ಅಂದ."

ಎಷ್ಟು ಸೊಕ್ಕು ನೋಡಿ. ಮಳೆ ಸ್ವಲ್ಪ ಹೊಳವಾಗಲಿ, ಹೋಗಿ ಎದುರಿಗೇ ಕೂತು ಬೈದು ಬರುತ್ತೇನೆ. ಊಟ ಅಲ್ಲೇ ಆದೀತು ಎಂದು ಸುಚಿತ್ರಾಳಿಗೆ ಹೇಳಿದ್ದೇನೆ. ನಾಲ್ಕು ವರ್ಷದ್ದು ಬೈಯುವುದಿದೆ, ಬೇಗ ಮುಗಿಯುವುದಿಲ್ಲ.